ಕೋಷ್ಟಕ ಸುಮ್ಮನಾದ ಮೇಲೆ

ಇಪ್ಪತ್ತಾರು ವರ್ಷ ಗಾಡಿಗಳ ಬೆಲೆ ಇಳಿಸಿದವನು ನಾನು.
ಮುರಿದದ್ದು, ಮುಳುಗಿದ್ದು, ಮಗುಚಿ ಬಿದ್ದದ್ದು,
ಕಾರವಾರದಿಂದ ಕದ್ರಾ, ಅಂಕೋಲೆಯಿಂದಾಚೆ,
ಕಂಕುಳಲ್ಲಿ ರಟ್ಟಿನ ಫೈಲು, ಕಿಸೆಯಲ್ಲಿ ಟೇಪು.
ಆರು ತಿಂಗಳಿಗೆ ನೂರಕ್ಕೆ ಐದು, ವರ್ಷಕ್ಕೆ ಹದಿನೈದು,
ಐದು ತುಂಬಿದರೆ ಅರ್ಧ.
ಅದರಾಚೆ ಕೋಷ್ಟಕ ಸುಮ್ಮನಾಗುತ್ತದೆ.
ಅದರಾಚೆ ನಾನೇ ಕೋಷ್ಟಕ.

ಈಗ ಸದಾಶಿವಗಡದ ಒಂದು ಅಂಗಳದಲ್ಲಿ
ಎರಡು ಸಾವಿರದ ಮೂರರ ಝೆನ್ನಿನ ಮುಂದೆ
ಕುಕ್ಕರಗಾಲಲ್ಲಿ ಕೂತಿದ್ದೇನೆ.
ನನ್ನ ಲೆಕ್ಕಕ್ಕೆ ನಲವತ್ತೆರಡು ಸಾವಿರ, ಕಣ್ಣು ಮುಚ್ಚಿ ಬರೆದೇನು.
ಕ್ಲೋತಿಲ್ದಾ ಟೀಚರು ಹೇಳಿದ್ದು ತೊಂಬತ್ತು.
ಹೇಳಿ, ಕೋಕಮ್ ಶರಬತ್ತು ತರಲು ಒಳಗೆ ಹೋದರು.

ಪಾಸ್ಕು ಮೇಸ್ತ್ರಿ ಗೋಣಿ ಹಾಸಿ ಅಡಿಗೆ ನುಗ್ಗಿದ್ದಾನೆ,
ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾನೆ,
ಕಾಯಿ ಬಲಿತಿದೆಯೋ ಎಂದು ಕೇಳುವವನ ಹಾಗೆ.
ಟಣ್. ಟಣ್.
ಇನ್ನೇನು ಬದ್ ಎನ್ನಬೇಕು, ಕಾಯುತ್ತೇನೆ.
ನಮ್ಮೂರಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಮ್ಮಿ.
ಉಪ್ಪುಗಾಳಿ ಬಾಗಿಲ ಬುಡದಿಂದ ತಿನ್ನತೊಡಗಿ
ಬಣ್ಣ ಮಾತ್ರ ಬಿಟ್ಟು ಹೋಗುತ್ತದೆ, ಸಿಗಡಿ ಸಿಪ್ಪೆಯಂತೆ.
ಟಣ್.
"ಸಾಯ್ಬಾ," ಅಂದ ಅಡಿಯಿಂದ, "ಇದು ಸಮುದ್ರ ಕಂಡ ಗಾಡಿ ಅಲ್ಲ."

ಕಂಡಿದೆ. ಟೀಚರ ನೋಟ್‌ಬುಕ್ಕು ಹೇಳುತ್ತದೆ,
ಇನ್ನೂರು ಪುಟ, ಹಾಜರಿ ಪುಸ್ತಕದ ಅಕ್ಷರ:
"ಮಾಜಾಳಿ ದಂಡೆಗೆ ಹೋದದ್ದು. ಬಂದು, ಅಡಿಗೆ ಬಾವಿನೀರು, ಹದಿನಾಲ್ಕು ಕೊಡ."
"ಎಡ ಹಿಂದಿನ ಟಯರು. ಪಂಕ್ಚರಿನವ ಮೂರು ರೂಪಾಯಿ ಚಿಲ್ಲರೆ ಕೊಡಲಿಲ್ಲ."
"ವೈಪರು ಹೊಸದು. ಹಳೆಯದೇ ಚೆನ್ನಾಗಿತ್ತು."
ಒಂದು ಕಡೆ ಬರೇ ತಾರೀಕು, ಮತ್ತೆ "ಗಾಡಿ ತೆಗೆಯಲಿಲ್ಲ."
ಮುಂದೆ ಹನ್ನೊಂದು ದಿನ ಅದೇ ಸಾಲು.
ಕೇಳಬೇಕೆನಿಸಿತು. ಪುಟ ತಿರುವಿದೆ.

ಮನೆಯಲ್ಲಿ ಸುಗಂಧಿ, ಐವತ್ಮೂರಕ್ಕೆ ಲೈಸೆನ್ಸು ತೆಗೆದವಳು.
ನಮ್ಮ ಕೋಡಿಬಾಗದ ಓಣಿ ಐದಡಿ ಏಳಂಗುಲ,
ನಾನೇ ಅಳೆದದ್ದು, ಎರಡೆರಡು ಸಲ.
ಈಗಿನ ಗಾಡಿಗಳು ಉಂಡು ಉಬ್ಬಿದ ಬೀಗರು,
ಓಣಿಯ ಬಾಯಲ್ಲೇ ನಿಲ್ಲಬೇಕು.
ಝೆನ್ನು ನಾಲ್ಕಡಿ ಹನ್ನೊಂದು.
ಕನ್ನಡಿ ಮಡಚಿದರೆ ಆ ಕಡೆ ನಾಲ್ಕು ಬೆರಳು, ಈ ಕಡೆ ನಾಲ್ಕು ಬೆರಳು,
ಹಿತ್ತಲ ಬಾಳೆಯವರೆಗೂ ಬಂದೀತು.
ಆ ನಾಲ್ಕು ಬೆರಳಿಗೆ ನನ್ನ ಫಾರಮ್ಮಿನಲ್ಲಿ ಜಾಗವಿಲ್ಲ.

ಇದೇ ಹೊತ್ತಿಗೆ ನೆನಪಾಗಬೇಕೇ ಬಾಬನಿ ಹರಿಕಂತ್ರ!
ಕಾಳಿ ಉಕ್ಕಿದ ವರ್ಷ, ಕಿನ್ನರದಲ್ಲಿ,
ಅವನ ಮೀನಿನ ಟೆಂಪೋ, ಸೀಟಿನ ಮೇಲೆ ಗೇಣು ಕೆಸರು.
ಹದಿನೆಂಟು ಸಾವಿರ ಬರೆದೆ.
ತಪ್ಪು ಬರೆಯಲಿಲ್ಲ, ಈಗಲೂ ಹೇಳುತ್ತೇನೆ.
ಅವನು ಜಗಳ ಆಡಲಿಲ್ಲ.
"ಹದಿನೆಂಟಕ್ಕೆ ಇಂಥಾದ್ದು ಎಲ್ಲಿ ಸಿಗ್ತದೆ ಹೇಳಿ ಸಾರ್,
ನಾನೇ ಹೋಗಿ ತರ್ತೇನೆ" ಅಂದ.
ಕುಹಕ ಅಂದುಕೊಂಡೆ. ಅಲ್ಲ,
ನಿಜಕ್ಕೂ ವಿಳಾಸ ಕೇಳುತ್ತಿದ್ದ.

ಎರಡು ತಿಂಗಳಿಂದ ಆ ವಿಳಾಸ ಹುಡುಕುತ್ತಿದ್ದೇನೆ, ಬಾಬನಿ.
ಕುಮಟೆಯಲ್ಲಿ ನಲವತ್ತಕ್ಕೆ ಒಂದಿತ್ತು, ಕಾಲಿಟ್ಟಲ್ಲಿ ರಸ್ತೆ ಕಂಡಿತು.
ಹಳಿಯಾಳದ್ದು ಮೂವತ್ತೈದು, ಎಂಜಿನ್ ನಂಬರು ಉಜ್ಜಿದ್ದು.

ಹಾಗಂತ ತೊಂಬತ್ತು?
ಎಫ್‌ಸಿಗೆ ಇನ್ನು ಏಳು ತಿಂಗಳು. ಹಸಿರು ತೆರಿಗೆ ಬೇರೆ.
ನಾಳೆ ಸುಗಂಧಿ ಕಂಬಕ್ಕೆ ಗುದ್ದಿದರೆ
ನನ್ನಂಥವನೊಬ್ಬ ಬಂದು ನಲವತ್ತೆರಡು ಬರೆದು,
ಚಹಾ ಕುಡಿದು ಹೋಗುತ್ತಾನೆ.
ಉಳಿದ ನಲವತ್ತೆಂಟು ಯಾವ ಕಾಗದದಲ್ಲೂ ಇರುವುದಿಲ್ಲ,
ಹದಿನಾಲ್ಕು ಕೊಡ ನೀರು ಇಂಗಿದ ಹಾಗೆ.

ಟೀಚರು ಬಂದರು. ಲೋಟದ ಮೈಯೆಲ್ಲ ಬೆವರು.
"ಎಂಬತ್ತು," ಅಂದೆ.
ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು
ಮಡಿಲಲ್ಲಿ ಇಟ್ಟುಕೊಂಡರು.
"ಎಂಬತ್ತಕ್ಕೆ ಗಾಡಿ ಒಯ್ಯಿರಿ. ಇದು ಇಲ್ಲೇ ಇರ್ಲಿ."

ಪಾಸ್ಕು ಹೊರಗೆ ತೆವಳಿ ಬಂದ, ತಲೆಯಲ್ಲಿ ಗೇರೆಲೆ.
"ಏನಾಯ್ತು?"
ಹತ್ತು ಸಾವಿರಕ್ಕೆ ಇನ್ನೂರು ಪುಟ,
ಪುಟಕ್ಕೆ ಐವತ್ತು ಬೀಳುತ್ತದೆ,
ಕೊನೆಯಲ್ಲಿ ಏನೂ ಬರೆಯದವೂ ಸೇರಿ.