ಗೋಲಿನ ಬಾಯಿಗೊಂದು ತೇಪೆ

ಸೈಕ್‌ನಲ್ಲಿ ಬೆಳಗ್ಗೆ ಆರಕ್ಕೆ ಅಂಟು ಹಿಡಿಯುವುದಿಲ್ಲ.
ಡಬ್ಬವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು
ಕಾಯುತ್ತೇವೆ, ನಾನು ಮತ್ತು ಹಸನಬ್ಬ,
ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.
ಕೆಳಗೆ ಮಸ್ಕತ್ತಿನಲ್ಲಿ ಇದೇ ಅಂಟು
ಮುಚ್ಚಳ ತೆಗೆಯುವಷ್ಟರಲ್ಲಿ ಕಲ್ಲಾಗುತ್ತಿತ್ತು.

ಇಲ್ಲಿ ಕಲ್ಲು ಬರುವುದು ಬೇರೆ ಕಡೆಯಿಂದ:
ಚಳಿಗಾಲಕ್ಕೊಮ್ಮೆ ಬೆಟ್ಟ
ಹಸಿರಿನಡಿಯಿಂದ ಮೊಣಕೈ ಎತ್ತುತ್ತದೆ,
ಗೋಲ್‌ಕೀಪರನ ಕಾಲಡಿಯಲ್ಲೇ, ಯಾವಾಗಲೂ.

ಹುಲ್ಲು ಕೊಯ್ದು ಚಾಪೆಯಂತೆ ಮಗುಚಿದೆವು.
ಉಳಿಯಿಂದ ಮೂರು ಚೂಪು ಕಿತ್ತೆವು.
ನಾಲ್ಕನೆಯದಕ್ಕೆ ಬುಡವಿಲ್ಲ,
ಅಥವಾ ಇಡೀ ಬೆಟ್ಟವೇ ಅದರ ಬುಡ.
ಮರಳು ಹೊದಿಸಿ ಸುಮ್ಮನಾದೆವು.

ತೇಪೆ ಇಡುವಾಗ ಹುಲ್ಲಿನ ಒಲವು ನೋಡಬೇಕು.
ಪ್ಲಾಸ್ಟಿಕ್ಕಿಗೂ ಒಂದು ದಿಕ್ಕಿದೆ;
ತಪ್ಪಿದರೆ ದೂರದಿಂದಲೇ ಕಾಣುತ್ತದೆ
ಸೊಟ್ಟ ಬೈತಲೆಯ ಹಾಗೆ.
ಹಸನಬ್ಬ ಅಂಗೈಯಿಂದ ಸವರಿ ಹೇಳುತ್ತಾನೆ: ತಿರುಗಿಸು.

ಖಲ್ಫಾನನ ಮೇಕೆ ಬೇಲಿ ಹಾರಿ ಬಂತು,
ಮೂಸಿತು, ನಮ್ಮ ಮುಖ ನೋಡಿತು,
ದಾಳಿಂಬೆ ತೋಟದ ಕಡೆ ಹೊರಟೇಹೋಯಿತು.
ನಮಗೇಕೋ ಅವಮಾನ.

ಹನ್ನೊಂದಕ್ಕೆ ಬಿಸಿಲು ಅಂಟಿಗೆ ತಾಗಿತು.
ಮೊದಲ ಹುಡುಗ ಬಂದ, ಬರಿಗಾಲು.
ತೇಪೆಯ ಮೇಲೆ ನಿಂತ, ಜಿಗಿದ,
ಹಿಮ್ಮಡಿಯಿಂದ ಹುಡುಕಿದ
ಆ ನಾಲ್ಕನೆಯದನ್ನು.
ಇದೆ, ಎಂಬಂತೆ ತಲೆಯಾಡಿಸಿ
ಎಡಕ್ಕೊಂದು ಹೆಜ್ಜೆ ಸರಿದು
ಕೈ ಅಗಲಿಸಿದ.