ಚಾವಿ

ಗೋಣಿನ್ಯಾಗ ಒಂದು, ಎದ್ಯಾಗ ಮೂರು.
ಡಾಕ್ಟರು ಕಾಗದದ ಮ್ಯಾಲ ಪೈಪು ಬರದು ತೋರಿಸಿದ್ರು.
ಮೂವತ್ತೊಂದು ವರ್ಷ ವಿಜಯಪುರದ ಓಣಿಗೆ ನೀರು ಬಿಟ್ಟಾಂವಗ
ನಕ್ಷಾ ತಿಳಿಸಬೇಕೇನ್ರಿ?

ಎದಿ ಮೊದಲ ತೆರದ್ರ ತಲಿಗೆ ಪ್ರೆಶರ್ ಸಾಲೂದಿಲ್ಲ,
ಗೋಣು ಮೊದಲಂದ್ರ ಎದಿ ತಡಿಯೂದಿಲ್ಲ.
ಎರಡೂ ಒಂದ ಸಲಕ್ಕ, ಅಂದ್ರು.

ನಾ ಕೇಳಿದ್ದು ಇಷ್ಟ:
ಚಾವಿ ಸಾವಕಾಶ ತಿರುವ್ರಿ.
ಗಕ್ಕನ ಬಿಟ್ರ ಹಳೇ ಪೈಪಿನ ಜಂಗು ಎದ್ದು
ಮುಂದಿನ ಮನಿ ನಳ ಕಟ್ಟತೈತಿ.

ಅವರು ಪೆನ್ನು ಕೆಳಗಿಟ್ರು.

ಹೊರಗ ಖಮರುನ್ನಿಸಾ, ಕೊಡ ಎಣಿಸಿದಂಗ
ತಸಬಿ ಎಣಿಸ್ತಾಳ.
ಇವತ್ತು ಜೋರಾಪುರ ಪ್ಯಾಟಿ ಪಾಳಿ.
ನನ್ನ ಚಾವಿ ದಾವಲನ ಕೈಯಾಗ ಐತಿ.
ಫೋನು ಮಾಡ್ಯಾನ:
ಕಾಕಾ, ಮೂಲಿಮನಿಗೆ ಇನ್ನೂ ಬಂದಿಲ್ಲ.

ತಡಿ. ಬರತೈತಿ.
ಮೊದಲ ಗಾಳಿ ಹೊರಗ ಹೋಗಲಿ.