ಎಂಟನೇ ಕ್ಲಾಸು ಪಾಸಾದವರಿಗೆ

ಭಟ್ಟಿಗೆ ಇವತ್ತು ರಜೆ ಹೇಳಿದ್ದೇನೆ.
ಮೈಗೆ ಹತ್ತಿದ ಹೊಟ್ಟಿನ ಹೊಗೆ ತಿಕ್ಕಿ ತೊಳೆದು
ನಿಕಾಹಿಗೆ ಹೊಲಿಸಿದ ಅಂಗಿ ತೊಟ್ಟು
ತಂಗಿಯ ಹಿಂದೆ ಹೊರಟಿದ್ದೇನೆ.

ಮುಬಶ್ಶಿರಾ ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು,
ಸ್ಕೇಲಿಟ್ಟು ಎಳೆದ ಗೆರೆಗಳು:
ಎಷ್ಟು ವರ್ಷ, ಎಷ್ಟು ಫೀಸು, ಬಸ್ಸಿಗೆಷ್ಟು,
ಕಲಿತ ಮೇಲೆ ಕರೆಯೋರು ಯಾರು.
ಕೊನೆಯ ಕಾಲಮ್ಮಿಗೆ ಹೆಸರಿಲ್ಲ.
ಕೇಳಿದರೆ, "ಅದು ಇರಲಿ ಭಯ್ಯಾ" ಅಂದಳು.

ಇದೆಲ್ಲ ಶುರುವಾದದ್ದು ಒಂದು ಪೊಟ್ಟಣದಿಂದ.
ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ
ಮಿರ್ಚಿ ಮಂಡಕ್ಕಿ ಕಟ್ಟಿಕೊಟ್ಟ ಹಾಳೆ
ಯಾವುದೋ ಕಾಲೇಜಿನ ಹಳೇ ಕರಪತ್ರ.
ಎಣ್ಣೆ ಕುಡಿದ ಅಕ್ಷರ ಬಲ್ಬಿಗೆ ಹಿಡಿದು ಓದಿದಳು:
ಡಯಾಲಿಸಿಸ್ ಟೆಕ್ನಿಷಿಯನ್, ವಿಜ್ಞಾನ ಓದಿದವ
ಅಲ್ಲಿಗೆ ಹರಿದಿತ್ತು.
ಉಳಿದರ್ಧ ಇನ್ಯಾರದೋ ಮಂಡಕ್ಕಿ ಹೊತ್ತು
ಊರೊಳಗೆಲ್ಲೋ ಹೋಗಿತ್ತು.

ಮೊದಲನೇ ಕಡೆ ಕುರ್ಚಿ ಹಾಕಿ ಕೂರಿಸಿದರು,
ಫ್ಯಾನು ಹಾಕಿದರು, ಕಂತಿನ ಲೆಕ್ಕ ಹೇಳಿದರು.
"ಹೋದ ವರ್ಷ ಕಲಿತು ಹೋದವರಲ್ಲಿ
ಒಬ್ಬರ ಹೆಸರು ಹೇಳಿ ಮೇಡಂ, ಈಗ ಎಲ್ಲಿದ್ದಾರೆ?"
ಮೇಡಂ ಫ್ಯಾನು ನೋಡಿದರು.
ಎರಡನೇ ಕಡೆ ಕಿಟಕಿಯೇ ತೆರೆಯಲಿಲ್ಲ.
ವಾಚ್‌ಮನ್ ಬಸಣ್ಣ ಬೀಡಿ ಆರಿಸಿ ಹೇಳಿದ:
"ಲ್ಯಾಬ್ ಐತಿ ತಂಗಿ, ಬೀಗಾನೂ ಐತಿ.
ಕೀಲಿ ಯಾರತ್ರ ಐತಿ ಅನ್ನೋದು ಕೇಳ್ಕಂಡು ಸೇರು."
ಅದನ್ನೂ ಬರೆದುಕೊಂಡಳು.

ಮೂರನೆಯದು ಐಟಿಐ.
ಅವಳು ಒಳಗೆ ಹೋದಳು, ನಾನು ಬೋರ್ಡಿನ ಮುಂದೆ ನಿಂತೆ.
ಓದಿ ರೂಢಿ ತಪ್ಪಿದ ಕಣ್ಣು,
ಅಕ್ಷರಕ್ಕೊಂದು ಉಸಿರು.
ವೆಲ್ಡರ್. ಒಂದು ವರ್ಷ.
ಎಂಟನೇ ತರಗತಿ ಪಾಸಾಗಿರಬೇಕು.
ಹದಿನಾಲ್ಕು ವರ್ಷ ತುಂಬಿರಬೇಕು.

ಹದಿನಾಲ್ಕು ತುಂಬಿಯೇ ಹದಿನೈದು ವರ್ಷವಾಯಿತು.
ಎಂಟು ಮುಗಿಸಿದ ಬೇಸಿಗೆಯಲ್ಲಿ
ಅಬ್ಬಾಗೆ ಕೆಮ್ಮು ಹತ್ತಿ, ಜರಡಿ ನನ್ನ ಕೈಗೆ ಬಂತು.
ಮರಳಿನ ಬಣ್ಣ ನೋಡಿ ಕಾವು ಹೇಳಬಲ್ಲೆ.
ಇದಕ್ಕೆ ಯಾವ ಕಾಲಮ್ಮು ಅಂತ
ಆ ಬೋರ್ಡಿನಲ್ಲಿ ಹುಡುಕಿದೆ, ಸಿಗಲಿಲ್ಲ.
ತಿರುಗಿದರೆ ಮುಬಶ್ಶಿರಾ,
ಬೋರ್ಡು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.
ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಟುಬುಕ್ಕು ತೆರೆದೆ.
ಕೊನೆಯ ಕಾಲಮ್ಮಿಗೆ ಈಗ ಹೆಸರಿತ್ತು, ನನ್ನದು.
ಬಸ್ಸಿಗೆಷ್ಟು: ಸೈಕಲ್ ಇದೆ.
ಕರೆಯೋರು ಯಾರು: ಗೊತ್ತಿಲ್ಲ.
ಕೆಳಗೆ ಪೆನ್ಸಿಲ್ಲಿನಲ್ಲಿ, ಅಳಿಸಲು ಬರುವಂತೆ:
ಭಾಬಿ ಹತ್ರ ನಾನೇ ಮಾತಾಡ್ತೀನಿ.

ನಸುಕಿಗೆ ಭಟ್ಟಿಯಲ್ಲಿ
ನಾಲ್ಕು ಕಾಳು ಎಸೆದು ನೋಡಿದೆ.
"ಏನಪ್ಪ ಇಲಿಯಾಸಾ, ಆಯ್ತಾ?" ಸಾಹುಕಾರರ ದನಿ.
"ಇನ್ನೊಂಚೂರು ಕಾಯಬೇಕು" ಅಂದೆ.
ಅಮ್ಮಿಯ ಟ್ರಂಕಿನಿಂದ ತೆಗೆದ ಅಂಕಪಟ್ಟಿ,
ಗಣಿತಕ್ಕೆ ಮೂವತ್ತೇಳು,
ಜೇಬಿನೊಳಗೆ ಬೆವರಿಗೆ ಮೆತ್ತಗಾಗುತ್ತಿತ್ತು.